ವೇಯೊನ ಕಾರಿಗೆ ಬೋಲ್ಟು ಆರಿಸಿದ್ದು

ಈ ಕತೆ ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಇದು ನನ್ನ ಕತೆಯಲ್ಲ. ಹೇಳಬೇಕಾದವಳು ಇರ್ಯಾ, ಆದರೆ ಅವಳು ಬಾಯಿಬಿಟ್ಟು ಹೇಳುವವಳಲ್ಲ. ಗೇರ್‌ಬಾಕ್ಸಿನ ವಿಷಯ ಬಲ್ಲವನು ಓಯ್ವಾ, ಅವನಿಗೆ ಬರೆಯುವುದೆಂದರೆ ಹಲ್ಲು ಕೀಳಿಸಿಕೊಂಡ ಹಾಗೆ. ನಾನು ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸುವವಳು. ಕಾರಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಒಂದು ಚಳಿಗಾಲದ ಸಂಜೆ ತರಗತಿಯಲ್ಲಿ ಕಲಿತದ್ದು, ಅದರಲ್ಲೂ ಅರ್ಧ ಮರೆತುಹೋಗಿದೆ. ಎಲ್ಲಾದರೂ ತಪ್ಪಾಗಿ ಹೇಳಿದರೆ ಅದು ನನ್ನ ದಡ್ಡತನ, ಕಲಿಸಿದವನದ್ದಲ್ಲ.

ನಮ್ಮ ಪೊಹ್ಯನ್‌ಮಾ ಬಯಲಿನಲ್ಲಿ ಚಳಿಗಾಲ ಕೂತಿತೆಂದರೆ ಎಲ್ಲರೂ ಯಾವುದಾದರೊಂದು ಸಂಜೆ ತರಗತಿಗೆ ಸೇರುತ್ತಾರೆ. ಮನೆಯಲ್ಲೇ ಕೂತರೆ ಕತ್ತಲೆ ತಲೆಗೆ ಹತ್ತುತ್ತದೆ. ಕೆಲವರು ಚಾಪೆ ನೇಯುತ್ತಾರೆ, ಕೆಲವರು ಎಂದೂ ಹೋಗದ ದೇಶದ ಭಾಷೆ ಕಲಿಯುತ್ತಾರೆ. ನಾನು ಆ ವರ್ಷ ಕಾರು ರಿಪೇರಿಗೆ ಸೇರಿದೆ. ಹಿಮ ಬಿದ್ದ ಬೆಳಿಗ್ಗೆಗಳಲ್ಲಿ ನನ್ನ ಕಾರು ಶುರುವಾಗುತ್ತಿರಲಿಲ್ಲ, ದಿನಾ ಪಕ್ಕದ ಮನೆಯವರ ಬಾಗಿಲು ತಟ್ಟಲು ನಾಚಿಕೆಯಾಗುತ್ತಿತ್ತು. ತರಗತಿ ನಡೆಯುತ್ತಿದ್ದದ್ದು ತಾಂತ್ರಿಕ ಶಾಲೆಯ ಗ್ಯಾರೇಜಿನಲ್ಲಿ. ಕಲಿಸುವವನು ಓಯ್ವಾ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು, ದೊಡ್ಡ ಹೊಟ್ಟೆ, ಸಣ್ಣ ದನಿ. ನಾಲ್ಕಾರು ಗಂಡಸರ ಜೊತೆ ನಾನೊಬ್ಬಳೇ ಹೆಂಗಸು ಎಂದು ಮುದುಡಿ ಕೂತಿದ್ದಾಗ ಬಾಗಿಲು ತೆರೆದು ಇರ್ಯಾ ಬಂದಳು.

ಇರ್ಯಾ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವವಳು, ಅರವತ್ತರ ಹತ್ತಿರದವಳು. ಅವಳ ಗಂಡ ವೇಯೊ ಹಿಂದಿನ ಅಕ್ಟೋಬರಿನಲ್ಲಿ ತೀರಿಕೊಂಡಿದ್ದ. ಮನೆಯ ಹಿಂದಿನ ಶೆಡ್ಡಿನಲ್ಲಿ, ಅರ್ಧ ಬಿಚ್ಚಿದ ಕಾರಿನ ಪಕ್ಕದಲ್ಲೇ ಹೃದಯ ನಿಂತು ಹೋಗಿತ್ತು. ಇದು ಊರಿಗೆಲ್ಲ ಗೊತ್ತಿದ್ದ ಕಾರಣ ಊರಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ.

ನೀವೆಲ್ಲ ಯಾಕೆ ಬಂದಿರಿ ಎಂದು ಓಯ್ವಾ ಒಬ್ಬೊಬ್ಬರನ್ನೇ ಕೇಳಿದ. ಇರ್ಯಾ ಕೈಚೀಲ ಮಡಿಲಲ್ಲಿಟ್ಟುಕೊಂಡು ಹೇಳಿದಳು: "ಶೆಡ್ಡಲ್ಲಿ ಒಂದು ಕಾರಿದೆ. ಅದರ ಗೇರ್‌ಬಾಕ್ಸ್ ಕೆಳಗಡೆ ಇದೆ. ಅದನ್ನ ಮೇಲೆ ಹತ್ತಿಸ್ಬೇಕು."

"ಹತ್ತಿಸೋಣ," ಎಂದ ಓಯ್ವಾ. ಯಾವ ಕಾರು ಎಂದು ಯಾರೂ ಕೇಳಲಿಲ್ಲ.

ಅದು ಅವರ ಮನೆಯ ಹಳೆಯ ವೋಲ್ವೋ. ತಾನಾಗಿ ಗೇರು ಬದಲಿಸಿಕೊಳ್ಳುವ ಜಾತಿಯದ್ದು. ತುಕ್ಕು ಹಿಡಿದು ರಸ್ತೆಗೆ ಲಾಯಕ್ಕಿಲ್ಲ ಎಂದಾದ ಮೇಲೆ ವೇಯೊ ಅದನ್ನು ಓಟದ ಕಾರು ಮಾಡಲು ಹೊರಟಿದ್ದ. ನಮ್ಮಲ್ಲಿ ಹಳೆ ಕಾರುಗಳ ಓಟವೊಂದಿದೆ. ಸೀಟು, ಗಾಜು, ಬಟ್ಟೆ ಎಲ್ಲ ಕಿತ್ತು, ಒಳಗೆ ಕಬ್ಬಿಣದ ಪಂಜರ ಬೆಸೆದು, ಜಲ್ಲಿ ತೆಗೆದ ಹಳ್ಳದಲ್ಲಿ ಸುತ್ತು ಹಾಕುವುದು. ತಾನಾಗಿ ಬದಲಿಸುವ ಗೇರು ಆ ಮಣ್ಣಿನಲ್ಲಿ ಎಮ್ಮೆಯ ಹಾಗೆ, ಹೊಡೆದಷ್ಟೂ ನಿಲ್ಲುತ್ತದೆ. ಆದ್ದರಿಂದ ವೇಯೊ ಅದನ್ನು ಕಿತ್ತು, ಗುಜರಿಯಿಂದ ಕೈಯಲ್ಲಿ ಹಾಕುವ ಗೇರ್‌ಬಾಕ್ಸ್ ತಂದಿದ್ದ. ಪಂಜರ ಬೆಸೆದು ಮುಗಿಸಿದ್ದ. ಕ್ಲಬ್ಬಿನ ಸೌನಾದ ಹಬೆಯಲ್ಲಿ ಎಲ್ಲರೂ ಬೆವರುತ್ತ ಕೂತಿದ್ದಾಗ, "ಮುಂದಿನ ಆಗಸ್ಟಲ್ಲಿ ಈ ಕಾರು ಓಟದ ಗೆರೆ ಮೇಲೆ ನಿಂತಿರುತ್ತೆ," ಎಂದು ಒಂದು ಮಾತು ಆಡಿದ್ದ. ವೇಯೊ ವರ್ಷಕ್ಕೆ ಆಡುತ್ತಿದ್ದದ್ದೇ ಅಂಥ ಒಂದೆರಡು ಮಾತು. ಇರ್ಯಾಗೆ ಅದನ್ನು ಉಳಿಸಿಕೊಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಆದರೆ ಓಟಕ್ಕೊಂದು ನಿಯಮವಿದೆ, ಅದನ್ನು ಹೇಳದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ. ಓಟ ಮುಗಿದ ಮೇಲೆ, ಅಲ್ಲಿ ಓಡಿಸಿದ ಯಾರು ಬೇಕಾದರೂ ಯಾರ ಕಾರನ್ನು ಬೇಕಾದರೂ ಕೇಳಬಹುದು. ಬೆಲೆ ಎಲ್ಲ ಕಾರಿಗೂ ಒಂದೇ, ಮೊದಲೇ ಗೊತ್ತುಮಾಡಿದ್ದು, ತೀರಾ ಕಡಿಮೆ. ಕಾರಿನ ನಂಬರೂ ತನ್ನ ಹೆಸರೂ ಬರೆದ ಚೀಟಿಯನ್ನು ಡಬ್ಬಿಗೆ ಹಾಕಿದರೆ ಆಯಿತು. ಇಬ್ಬರು ಮೂವರು ಕೇಳಿದರೆ ಚೀಟಿ ಎತ್ತುತ್ತಾರೆ. ಕೊಡಲ್ಲ ಎನ್ನುವ ಹಾಗಿಲ್ಲ, ಎಂದವನ ಓಟದ ಲೈಸೆನ್ಸು ಅಲ್ಲೇ ಹೋಗುತ್ತದೆ. ದುಡ್ಡಿದ್ದವನು ದುಬಾರಿ ಕಾರು ಕಟ್ಟಿ ಬಡವನನ್ನು ಸೋಲಿಸಬಾರದು ಎಂದು ಮಾಡಿದ ನಿಯಮ. ನ್ಯಾಯದ ನಿಯಮವೇ. ಹಾಗಾಗಿ ಒಳ್ಳೆಯ ಕಾರು ಇದ್ದವರು ಅದಕ್ಕೆ ಹೊಲಸು ಬಣ್ಣ ಬಳಿಯುತ್ತಾರೆ, ಹೊಗೆ ಬರುವ ಹಾಗೆ ಮಾಡುತ್ತಾರೆ. ಇಲ್ಲವಾದರೆ ಸ್ನೇಹಿತರೆಲ್ಲ ತಾವೂ ಚೀಟಿ ಹಾಕುತ್ತಾರೆ. ಎತ್ತಿದಾಗ ಸ್ನೇಹಿತನ ಹೆಸರು ಬಂದರೆ ಕಾರು ಮನೆಯಲ್ಲೇ ಉಳಿದ ಹಾಗೆ.

ಆ ಡಬ್ಬಿಯನ್ನು ಬಹಳ ವರ್ಷ ಹಿಡಿದು ನಿಂತವನು ವೇಯೊ. ಒಮ್ಮೆ ಯಾರೋ ತನ್ನ ಕಾರು ಹೋಯಿತೆಂದು ಅವನ ಎದುರು ಅತ್ತೇಬಿಟ್ಟಿದ್ದನಂತೆ. ವೇಯೊ ತನ್ನ ಕರವಸ್ತ್ರ ಕೊಟ್ಟು, "ಕೀಲಿಕೈ ಕೊಡು," ಎಂದನಂತೆ.

ಫೆಬ್ರವರಿಯಲ್ಲಿ ಕಾರನ್ನು ಎಳೆದು ಗ್ಯಾರೇಜಿಗೆ ತಂದೆವು. ಗುಜರಿಯ ಗೇರ್‌ಬಾಕ್ಸ್ ಜೊತೆ ಬೋಲ್ಟುಗಳು ಬಂದಿರಲಿಲ್ಲ. ವೇಯೊ ಬಿಚ್ಚಿಟ್ಟ ಹಳೆಯವು ಒಂದು ಕಾಫಿ ಡಬ್ಬಿಯಲ್ಲಿದ್ದವು, ಆದರೆ ಅದೇ ಡಬ್ಬಿಯಲ್ಲಿ ಅವನ ಆಯುಷ್ಯದ ಬೋಲ್ಟುಗಳೆಲ್ಲ ಇದ್ದವು. ಓಯ್ವಾ ಪತ್ರಿಕೆ ಹಾಸಿ ಡಬ್ಬಿ ಕವುಚಿದ.

"ಇರ್ಯಾ, ಎಲ್ಲಾ ಬೋಲ್ಟೂ ಒಂದೇ ಅಂದ್ಕೋಬೇಡ. ಎಲ್ಲಾ ಗಂಡಸ್ರೂ ಒಂದೇ ಅಂದಂಗಾಗುತ್ತೆ."

"ನಾನು ನೋಡಿದ್ದು ಒಬ್ಬನ್ನೇ," ಎಂದಳು ಇರ್ಯಾ. ಗಂಡಸರು ನಕ್ಕರು, ಆಮೇಲೆ ನಕ್ಕಿದ್ದಕ್ಕೆ ಕೆಮ್ಮಿದರು.

ಓಯ್ವಾ ಎಂಜಿನ್ನಿನ ಬೆನ್ನಿಗೆ ಕೂರುವಂಥ ಎರಡು ಚಕ್ರಗಳನ್ನು ಮೇಜಿನ ಮೇಲಿಟ್ಟ. ಒಂದು ಹಳೆಯ ಗೇರಿನದ್ದು, ತೆಳ್ಳಗಿನ ತಗಡಿನ ತಟ್ಟೆ. ಇನ್ನೊಂದು ಕೈಗೇರಿಗೆ ಬೇಕಾದ ಫ್ಲೈವೀಲು, ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ.

"ಇದು ಗರಿಗರಿ ಒಣರೊಟ್ಟಿ. ಇದು ನಡುವೆ ತೂತಿರೋ ರೈ ರೊಟ್ಟಿ, ನಿಮ್ಮಜ್ಜಿ ಮಾಡ್ತಿದ್ದಂಥದ್ದು. ಒಣರೊಟ್ಟಿ ಹಿಡ್ಕೊಂಡಿದ್ದ ಗಿಡ್ಡ ಬೋಲ್ಟನ್ನ ಈ ದಪ್ಪ ರೊಟ್ಟಿಗೆ ಹಾಕಿದ್ರೆ ಏನಾಗುತ್ತೆ? ಮಾರ್ಕೆತ್ತಾ, ನೀನು ಹೇಳು."

ಮಾರ್ಕೆತ್ತಾ ಎಂದರೆ ನಾನು. "ಹಿಡಿಯಲ್ಲ," ಎಂದೆ.

"ಹಿಡಿಯುತ್ತೆ. ಮೋಸ ಇರೋದೇ ಅಲ್ಲಿ. ತುದೀಲಿ ಎರಡು ಮೂರು ಸುತ್ತು ಕಚ್ಚಿಕೊಳ್ಳುತ್ತೆ. ಸ್ಪ್ಯಾನರ್‌ಗೆ ಬಿಗಿ ಅಂತಾನೇ ಅನ್ಸುತ್ತೆ. ಓಡೋವಾಗ ಬಿಡುತ್ತೆ, ಸರಿಯಾಗಿ ನಿನ್ನ ಕಾಲಿನ ಪಕ್ಕದಲ್ಲಿ. ಕಾಲು ಬೇಕೂಂದ್ರೆ ಉದ್ದದ್ದು ಹಾಕ್ಬೇಕು. ಹಂಗಂತ ತೀರಾ ಉದ್ದ ಆದ್ರೆ ತಳ ಮುಟ್ಟಿ ನಿಂತುಬಿಡುತ್ತೆ, ಚಕ್ರ ಸಡಿಲಾಗೇ ಇರುತ್ತೆ."

ಫ್ಲೈವೀಲಿನ ಬೋಲ್ಟುಗಳನ್ನು ಹೊಸದಾಗಿ ತರಿಸುವುದೆಂದು ಆಗಲೇ ತೀರ್ಮಾನವಾಯಿತು, ಅದರಲ್ಲಿ ಚೌಕಾಸಿಯಿಲ್ಲ. ಉಳಿದದ್ದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಸುತ್ತಲೂ ಬರುವ ಬೋಲ್ಟುಗಳು. ಅವನ್ನು ಆರಿಸಲು ನಾವು ಮೂರು ನಾಲ್ಕು ಸಂಜೆ ಕೂತೆವು. ತಲೆಯ ಮೇಲೆ ಕೆತ್ತಿದ ಅಂಕಿ ನೋಡಿ ಗಟ್ಟಿಯವು ಯಾವುವು, ಮೆತ್ತಗಿನವು ಯಾವುವು ಎಂದು ಬೇರೆ ಮಾಡಿದೆವು. ಬೋಲ್ಟಿನ ಸುತ್ತುಗಳ ಮೇಲೆ ಹೇನಿನ ಬಾಚಣಿಗೆಯಂಥದ್ದೊಂದನ್ನು ಇಟ್ಟು ಹಲ್ಲಿಗೆ ಹಲ್ಲು ಕೂರುತ್ತದೆಯೇ ಎಂದು ದೀಪಕ್ಕೆ ಹಿಡಿದು ನೋಡಿದೆವು. ನಾನು ಒಂದೊಂದನ್ನೂ ಅಳೆದು, ನಂಬಿಕೆ ಬಾರದೆ ಮತ್ತೊಮ್ಮೆ ಅಳೆಯುತ್ತಿದ್ದೆ. ಇರ್ಯಾ ಮೊದಲ ವಾರದಲ್ಲೇ ಬಾಚಣಿಗೆ ಬಿಟ್ಟಳು. ಪತ್ರ ವಿಂಗಡಿಸುವ ಕೈ ಅದು. ಬೆರಳಲ್ಲಿ ಉರುಳಿಸಿ ಎಡಕ್ಕೆ, ಬಲಕ್ಕೆ ಎಸೆಯುತ್ತಿದ್ದಳು. ಕೆಲವೊಮ್ಮೆ ತಪ್ಪುತ್ತಿತ್ತು.

"ಇದು ಅಮೆರಿಕದ್ದು," ಎಂದು ಅವಳು ಬಲಕ್ಕೆ ಎಸೆದದ್ದನ್ನು ಓಯ್ವಾ ಹೆಕ್ಕಿ ತೋರಿಸಿದ. "ಇಂಚಿನ ಲೆಕ್ಕದ್ದು. ನಮ್ಮ ತೂತಿಗೆ ಹೋಗುತ್ತೆ. ದೂರದ ನೆಂಟ ಮದುವೆಗೆ ಬಂದಂಗೆ, ನಗ್ತಾ ಬಂದು ಕೂತ್ಕೊಳ್ಳುತ್ತೆ. ಪಾತ್ರೆ ತೊಳೆಯೋ ಹೊತ್ತಿಗೆ ನೋಡು, ಎದ್ದುಹೋಗಿರುತ್ತೆ."

ಕೊನೆಗೆ ನಮ್ಮ ಮುಂದೆ ಎರಡು ಗುಂಪು ಉಳಿದವು. ಒಂದು, ಈ ಕಾರಿನಿಂದಲೇ ಬಿಚ್ಚಿದ ಹಳೆಯವು. ಅಳತೆ ಸರಿ, ಆದರೆ ಎಳೆದು ಎಳೆದು ಸೋತವು, ಒಂದೆರಡರ ಸುತ್ತು ಸವೆದಿತ್ತು. ಇನ್ನೊಂದು, ಓಯ್ವಾ ತನ್ನ ಹಳೇ ಡಿಪೋದ ಗೆಳೆಯರಿಂದ ಕೇಳಿ ತಂದ ಹೊಸವು. ಗಟ್ಟಿ ಜಾತಿ, ಸರಿಯಾದ ಉದ್ದ, ಕೈಯಲ್ಲೇ ಕೊನೆಯವರೆಗೂ ತಿರುಗುತ್ತಿದ್ದವು. ಇಲ್ಲಿ ಆರಿಸುವುದೇನಿದೆ ಎಂದು ನನಗನ್ನಿಸಿತ್ತು.

ಆಗ ತೈಸ್ತೊ ಬಂದ. ಓಟದ ಕ್ಲಬ್ಬಿನ ಅಧ್ಯಕ್ಷ, ವೇಯೊ ಸತ್ತ ಮೇಲೆ ಚೀಟಿಯ ಡಬ್ಬಿ ಅವನ ಕೈಗೆ ಬಂದಿತ್ತು. ನಮ್ಮ ಕಾಫಿ ಫ್ಲಾಸ್ಕಿನಿಂದ ತಾನೇ ಬಗ್ಗಿಸಿಕೊಂಡು, ಕಾರಿನ ಸುತ್ತ ಒಂದು ಸುತ್ತು ಬಂದ.

"ಒಳ್ಳೇ ಬೋಲ್ಟ್ ಹಾಕ್ತಿದ್ದೀಯಂತೆ, ಇರ್ಯಾ."

"ಹೂಂ."

"ಹಾಕ್ಬೇಡ."

ಇರ್ಯಾ ತಲೆ ಎತ್ತಿದಳು.

"ಹಳೇವೇ ಹಾಕು. ಪೂರ್ತಿ ಬಿಗೀಬೇಡ. ಗಡಗಡ ಅನ್ಲಿ, ಬಕೆಟ್ಟಲ್ಲಿ ಕಲ್ಲು ಕುಲುಕಿದಂಗೆ. ನಾಲ್ಕು ಸುತ್ತು ಓಡ್ಸು. ಆ ಸದ್ದಿಗೆ ಯಾರೂ ಚೀಟಿ ಹಾಕಲ್ಲ. ಮನೆಗೆ ಎಳ್ಕೊಂಡು ಹೋಗಿ ಆಮೇಲೆ ಏನು ಬೇಕೋ ಹಾಕ್ಕೋ."

"ಪಾಠ ಹೇಳೋ ಜಾಗಕ್ಕೆ ಬಂದು ಕಳ್ಳಪಾಠ ಹೇಳ್ತೀಯಲ್ಲೋ," ಎಂದ ಓಯ್ವಾ.

"ನೀನು ರಿಪೇರಿ ಮಾಡಿದ ಬಸ್ಸೆಲ್ಲ ಗಡಗಡ ಅಂತಿತ್ತಲ್ಲ, ಅದ್ಯಾವ ಪಾಠ?"

"ಅದು ಪ್ರಯಾಣಿಕರ ಹಲ್ಲು ಕಣೋ. ನಿಮ್ಮಪ್ಪನೂ ಇದ್ದ ಅದ್ರಲ್ಲಿ."

ತೈಸ್ತೊ ನಗಲಿಲ್ಲ. "ಇರ್ಯಾ, ನಾನು ಯಾಕೆ ಹೇಳ್ತಿದ್ದೀನಿ ಅಂತ ನಿನಗೆ ಗೊತ್ತು," ಎಂದು ಕಪ್ಪು ಕೆಳಗಿಟ್ಟು ಹೊರಟುಹೋದ.

ಇರ್ಯಾ ಆ ಸಂಜೆ ಯಾವ ಗುಂಪನ್ನೂ ಮುಟ್ಟಲಿಲ್ಲ. ಅವಳನ್ನು ಮನೆಗೆ ಬಿಡಲು ನನ್ನ ಕಾರಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನಾನೇ ಏನೇನೋ ಒದರಿದೆ, ಶಾಲೆಯ ಮಕ್ಕಳು ಬಟಾಣಿ ಸೂಪು ಚೆಲ್ಲಿದ್ದು ಇತ್ಯಾದಿ. ಅವಳ ಮನೆಯ ಮುಂದೆ ನಿಲ್ಲಿಸಿದಾಗ ಅವಳು ಇಳಿಯದೆ ಕೂತೇ ಇದ್ದಳು.

"ಮೂವತ್ತು ವರ್ಷ ಅವನು ಮರದ ಮಿಲ್ಲಲ್ಲಿ ಹಲಗೆ ಕೊಯ್ದ," ಎಂದಳು. "ಅದೆಲ್ಲ ಹಡಗು ಹತ್ಕೊಂಡು ಹೋಯ್ತು. ಎಲ್ಲೋ ಯಾರೋ ಅದರ ಮೇಲೆ ಓಡಾಡ್ತಿದ್ದಾರೆ. ಮನೇಲಿ ಅವನ ಕೈಯಿಂದ ಆಗಿದ್ದು ಅಂತ ಹುಡುಕಿದ್ರೆ ಈ ಕಾರೊಂದೇ. ಆ ಪಂಜರದ ಬೆಸುಗೆ ನೋಡಿದ್ಯಲ್ಲ? ಬೆರಳಾಡಿಸಿದ್ರೆ ಹೊಲಿಗೆ ಥರ ಸಿಗುತ್ತೆ."

"ಹಾಗಾದ್ರೆ ಓಟಕ್ಕೆ ಇಳಿಸ್ಲೇಬೇಡ ಕಣೆ," ಎಂದೆ. "ಶೆಡ್ಡಲ್ಲೇ ಇಟ್ಕೋ."

"ಅವನು ಹೇಳಿಬಿಟ್ಟಿದ್ದಾನಲ್ಲ, ಗೆರೆ ಮೇಲೆ ನಿಲ್ಲುತ್ತೆ ಅಂತ." ಅವಳು ಕೈಗವಸು ತೊಟ್ಟಳು, ಮತ್ತೆ ಬಿಚ್ಚಿದಳು. "ಒಂದ್ಸಲ ಓಡ್ಸಿ ಮನೆಗೆ ವಾಪಸ್ ತರ್ಬೇಕು, ಮಾರ್ಕೆತ್ತಾ. ಅಷ್ಟೇ ನನಗೆ ಬೇಕಿರೋದು. ಇನ್ನೇನೂ ಬೇಡ."

"ತೈಸ್ತೊ ಹೇಳಿದ್ದು ಕೇಳು ಹಾಗಾದ್ರೆ."

"ಗಡಗಡ ಅಂದ್ರೆ ಜನ ಏನಂತಾರೆ? ವೇಯೊ ಕಟ್ಟಿದ್ದು ಗಡಗಡ ಅಂತಿದೆ ಅಂತಾರೆ. ನಮ್ಮನೇಲಿ ಒಂದು ಬಾಗಿಲೂ ಕಿರ್ ಅಂದಿಲ್ಲ ಇವತ್ತಿನವರೆಗೆ."

ಹಾಗೆಂದು ಬಾಗಿಲು ತೆರೆದು ಇಳಿದಳು.

ಮುಂದಿನ ವಾರ ಅವಳು ಬಂದು ಕೋಟು ಬಿಚ್ಚಿ ತೂಗುಹಾಕಿ, ಸೋತ ಬೋಲ್ಟುಗಳನ್ನೆಲ್ಲ ಎರಡು ಕೈಯಲ್ಲಿ ಬಾಚಿ ಗುಜರಿ ಡಬ್ಬಕ್ಕೆ ಸುರಿದಳು. ಓಯ್ವಾ ಬಿಗಿತ ಅಳೆಯುವ ಸ್ಪ್ಯಾನರನ್ನು ಅವಳ ಕೈಗೆ ಕೊಟ್ಟ. ಗೇರ್‌ಬಾಕ್ಸನ್ನು ಜ್ಯಾಕಿನ ಮೇಲೇರಿಸಿ ನಾವೆಲ್ಲ ಹಿಡಿದುಕೊಂಡೆವು. ಅವಳು ಕೆಳಗೆ ಮಲಗಿ ಒಂದೊಂದು ಬೋಲ್ಟನ್ನೂ ಮೊದಲು ಬೆರಳಲ್ಲೇ ತಿರುಗಿಸಿದಳು. ಆಮೇಲೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದಳು. ಪ್ರತಿಯೊಂದಕ್ಕೂ ಸ್ಪ್ಯಾನರು 'ಟಕ್' ಎನ್ನುವವರೆಗೆ. ಎದ್ದಾಗ ಅವಳ ಕೂದಲಿಗೆಲ್ಲ ಗ್ರೀಸು ಮೆತ್ತಿತ್ತು.

"ಪೋಸ್ಟಾಫೀಸಲ್ಲಿ ಯಾರಾದ್ರೂ ಕೇಳಿದ್ರೆ ಹೊಸಾ ಶಾಂಪೂ ಅನ್ನು," ಎಂದ ಓಯ್ವಾ.

ಹೊರಗೆ ಸಿಗರೇಟು ಸೇದಲು ನಿಂತವನನ್ನು ನಾನು ಕೇಳಿದೆ, ಹೀಗೆ ಒಳ್ಳೆಯದು ಹಾಕಿದ ಮೇಲೆ ಕಾರು ಹೋಗಿಬಿಟ್ಟರೆ ಏನು ಗತಿ ಎಂದು.

"ಅದಕ್ಯಾಕೆ ತಲೆ ಕೆಡಿಸ್ಕೊಳ್ತೀಯ? ಕ್ಲಬ್ಬಿನ ಹುಡುಗ್ರೆಲ್ಲ ಚೀಟಿ ಹಾಕ್ತಾರೆ. ಹತ್ತು ಚೀಟಿ ಬಿದ್ರೆ ಹೊರಗಿನವನೊಬ್ಬನಿಗೆ ಎಲ್ಲಿ ಸಿಗುತ್ತೆ?"

"ನೀನು ಅವರಿಗೆ ಹೇಳಿದ್ದೀಯಾ?"

"ಹೇಳೋದೇನಿದೆ ಅದರಲ್ಲಿ? ಎಲ್ಲರಿಗೂ ಗೊತ್ತಿರೋದೇ ತಾನೆ."

ನನಗೂ ಅದು ಸರಿಯೆನಿಸಿತು.

ವಸಂತದಲ್ಲಿ ಇರ್ಯಾ ಓಟದ ಲೈಸೆನ್ಸು ಮಾಡಿಸಿಕೊಂಡಳು. ಅವಳ ಮನೆಯ ಹಿಂದಿನ ಹೊಲದಲ್ಲಿ ಓಯ್ವಾ ಅವಳಿಗೆ ಕ್ಲಚ್ಚು ಒತ್ತುವುದು ಕಲಿಸಿದ. ಜೀವಮಾನವೆಲ್ಲ ತಾನಾಗಿ ಬದಲಾಗುವ ಗೇರಿಗೆ ಒಗ್ಗಿದ ಕಾಲು, ಕಾರು ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ಆದರೆ ಗೇರು ಬೀಳುವುದು ಮಾತ್ರ ನುಣುಪಾಗಿತ್ತು. ಒಮ್ಮೆಯೂ ಕರ್ರೆನ್ನಲಿಲ್ಲ.

ಆಗಸ್ಟಿನ ಭಾನುವಾರ. ಜಲ್ಲಿ ಹಳ್ಳದ ಸುತ್ತ ಜನ ಮಡಚುವ ಕುರ್ಚಿ ಹಾಕಿ ಕೂತಿದ್ದರು. ಧೂಳು, ಸಾಸಿವೆ ಹಚ್ಚಿದ ಸಾಸೇಜು, ಸುಟ್ಟ ರಬ್ಬರಿನ ವಾಸನೆ. ಹೆಂಗಸರ ಓಟ ಮಧ್ಯಾಹ್ನದ ಮೇಲೆ. ಇರ್ಯಾ ವೇಯೊನ ಹೆಲ್ಮೆಟ್ಟು ಹಾಕಿಕೊಂಡಿದ್ದಳು. ಅದು ದೊಡ್ಡದಾಗುತ್ತಿದ್ದರಿಂದ ಆ ಬಿಸಿಲಲ್ಲೂ ಒಳಗೆ ಉಣ್ಣೆ ಟೋಪಿ. ಕಾರು ಗೆರೆಯ ಮೇಲೆ ನಿಂತಿತು. ಕ್ಲಬ್ಬಿನವರು ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಟೋಪಿ ತೆಗೆದ, ಅವನನ್ನು ನೋಡಿ ಇನ್ನೊಬ್ಬ ತೆಗೆದ.

ಅವಳು ಕೊನೆಯವಳಿಗಿಂತ ಒಂದು ಸ್ಥಾನ ಮುಂದೆ ಬಂದಳು. ತಿರುವಿನಲ್ಲಿ ಹೆದರುತ್ತಿದ್ದಳು, ಎಲ್ಲರಿಗೂ ದಾರಿ ಬಿಡುತ್ತಿದ್ದಳು. ನನಗೆ ನೆಮ್ಮದಿಯೇ ಆಯಿತು. ಇಷ್ಟು ನಿಧಾನದ ಕಾರನ್ನು ಯಾರು ಕೇಳುತ್ತಾರೆ? ಸಾಸೇಜಿನ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಗಂಡಸು ಮಾತಿಗೆಳೆದ. ಸವೊ ಸೀಮೆಯವನು ಎಂದು ಬಾಯಿ ತೆರೆದ ಕೂಡಲೇ ತಿಳಿಯಿತು. ಅವರು ಕಂಬದ ಹತ್ತಿರವೂ ಮಾತಾಡುತ್ತಾರೆ. ಹೆಸರು ಹೇಮೊ ಎಂದೂ, ಬೆಳಿಗ್ಗೆ ಗಂಡಸರ ಓಟದಲ್ಲಿ ತಾನೂ ಓಡಿಸಿದೆನೆಂದೂ, ತನ್ನ ಹೆಂಡತಿಗೂ ಓಟದ ಹುಚ್ಚು ಹಿಡಿದಿದೆ ಎಂದೂ ನಾನು ಕೇಳದೆಯೇ ಹೇಳಿದ.

"ಯಾರ್ರೀ ಆ ಯಜಮಾನ್ತಿ, ವೋಲ್ವೋದಲ್ಲಿ? ಓಡ್ಸೋಕೇನೋ ಬರಲ್ಲ, ಪಾಪ. ಆದ್ರೆ ಆ ಗೇರು ಬೀಳೋ ಸದ್ದು ಕೇಳಿದ್ರಾ? ಬೆಣ್ಣೇಲಿ ಚಾಕು ಹಾಕ್ದಂಗೆ! ಒಂದು ಚೂರು ಅಲುಗಾಟ ಇಲ್ಲ. ಯಾರು ಕಟ್ಟಿದ್ದು?"

"ಅವಳ ಗಂಡ," ಎಂದೆ.

"ಭಾರೀ ಕೆಲಸಗಾರ. ಎಲ್ಲಿದ್ದಾನೆ, ಕೈ ಕುಲುಕಬೇಕಲ್ಲ?"

"ಇವತ್ತು ಇಲ್ಲಿಲ್ಲ," ಎಂದೆ. ನಮ್ಮ ಕಡೆ ಗುರುತಿಲ್ಲದವರಿಗೆ ಸಾವಿನ ಸುದ್ದಿ ಹೇಳಿ ತಿನ್ನುವ ಬಾಯಿ ಕೆಡಿಸುವುದಿಲ್ಲ. ಅಷ್ಟರಲ್ಲಿ ನನ್ನ ಸರದಿ ಬಂತು.

ಎಲ್ಲ ಓಟ ಮುಗಿದ ಮೇಲೆ ತೈಸ್ತೊ ಮೇಜಿನ ಹಿಂದೆ ನಿಂತು ಡಬ್ಬಿ ತೆರೆದ. ಒಂದೊಂದು ಕಾರಿನ ನಂಬರು ಕೂಗಿ ಚೀಟಿ ಓದುತ್ತ ಬಂದ. ವೇಯೊನ ಕಾರಿನ ನಂಬರು ಬಂದಾಗ ನಾನು ಓಯ್ವಾನ ತೋಳು ಹಿಡಿದುಕೊಂಡಿದ್ದೆ.

"ಹೇಮೊ ಕ್ವೋಸ್ಮನೆನ್," ಎಂದು ತೈಸ್ತೊ ಓದಿದ. ಆ ಚೀಟಿಯನ್ನು ಪಕ್ಕಕ್ಕಿಟ್ಟು ಮುಂದಿನದಕ್ಕೆ ಕೈ ಹಾಕಿದ. ಅದು ಬೇರೆ ಕಾರಿನದ್ದು. ಅದರ ಮುಂದಿನದ್ದೂ ಬೇರೆಯದೇ. ಎಲ್ಲವನ್ನೂ ಹರಡಿ ನೋಡಿದ, ಡಬ್ಬಿಯನ್ನು ತಲೆಕೆಳಗು ಮಾಡಿ ತಟ್ಟಿದ. ಆಮೇಲೆ ತಲೆಯೆತ್ತಿ ಕ್ಲಬ್ಬಿನವರ ಕಡೆ ನೋಡಿದ. ಅವರು ಒಬ್ಬರನ್ನೊಬ್ಬರು ನೋಡಿಕೊಂಡರು.

ಯಾರೂ ಚೀಟಿ ಹಾಕಿರಲಿಲ್ಲ. ಅಣ್ಣ ಹಾಕಿರುತ್ತಾನೆ ಎಂದು ತಮ್ಮ, ತಮ್ಮ ಹಾಕಿರುತ್ತಾನೆ ಎಂದು ಅಣ್ಣ. ಇರ್ಯಾ ಕೇಳಿರಲಿಲ್ಲ. ಕೇಳದೆ ಚೀಟಿ ಹಾಕಿದರೆ ಸತ್ತವನ ಕಾರಿಗೆ ಕೈಚಾಚಿದ ಹಾಗೆ ಕಾಣಬಹುದು ಎಂದು ಪ್ರತಿಯೊಬ್ಬನೂ ಹಿಂಜರಿದಿದ್ದ. ಹಾಕಿದೆಯಾ ಎಂದು ಪಕ್ಕದವನನ್ನು ಕೇಳುವುದು ಇನ್ನೂ ನಾಚಿಕೆಗೇಡು. ಡಬ್ಬಿ ಹಿಡಿದವನು ತಾನೇ ಚೀಟಿ ಹಾಕುವಂತಿಲ್ಲವಾದ್ದರಿಂದ ತೈಸ್ತೊನ ಕೈ ಕಟ್ಟಿತ್ತು. ಓಯ್ವಾಗೂ ನನಗೂ ಓಟದ ಲೈಸೆನ್ಸೇ ಇರಲಿಲ್ಲ. ಒಂದೇ ಚೀಟಿ ಇದ್ದಲ್ಲಿ ಎತ್ತುವ ಮಾತೂ ಇಲ್ಲ.

ತೈಸ್ತೊ ಮೇಜು ಬಿಟ್ಟು ಇರ್ಯಾ ಬಳಿಗೆ ಬಂದ. ನಾವು ಪಕ್ಕದಲ್ಲೇ ಇದ್ದೆವು.

"ಕೊಡಲ್ಲ ಅನ್ನು," ಎಂದ ತಗ್ಗಿದ ದನಿಯಲ್ಲಿ. "ಲೈಸೆನ್ಸ್ ಹೋದ್ರೆ ಹೋಗ್ಲಿ. ಮುಂದೆ ನೀನೇನು ಓಡ್ಸೋದಿದೆಯಾ?"

"ಆ ಡಬ್ಬಿ ಇಷ್ಟು ವರ್ಷ ಯಾರು ಹಿಡ್ಕೊಂಡಿದ್ರು, ತೈಸ್ತೊ?"

ಅವನು ನೆಲ ನೋಡಿದ.

"ಕೊಡಲ್ಲ ಅಂದೋರನ್ನೆಲ್ಲ ಅವನು ಮನೆಗೆ ಕಳಿಸ್ದ. ಈಗ ಅವನ ಕಾರನ್ನೇ ಬಚ್ಚಿಡ್ಲಾ?"

"ಸರಿ, ನಾನು ಆ ಸವೊದೋನ ಹತ್ರ ಹೋಗಿ ಒಂದು ಮಾತು ಹೇಳ್ತೀನಿ. ಒಂದೇ ಮಾತು. ಒಳ್ಳೇ ಮನುಷ್ಯನ ಥರ ಕಾಣ್ತಾನೆ."

"ಬೇಡ."

"ಇರ್ಯಾ..."

"ಬೇಡ ಅಂದೆ. ಕೇಳಿ ಇಸ್ಕೊಂಡಿದ್ದನ್ನ ನಾನು ಶೆಡ್ಡಲ್ಲಿಟ್ಕೊಂಡು ಏನು ಮಾಡ್ಲಿ?"

ತೈಸ್ತೊ ನಿಂತ. ಓಯ್ವಾನೂ ಒಂದು ಹೆಜ್ಜೆ ಮುಂದಿಟ್ಟವನು ನಿಂತ. ಹೇಮೊ ಆಗಲೇ ಟ್ರೇಲರು ಹಿಮ್ಮುಖವಾಗಿ ತರುತ್ತಿದ್ದ. ಇಳಿದು ಬಂದವನು ಖುಷಿಯಲ್ಲಿ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ.

"ಬೇಜಾರಿಲ್ಲ ತಾನೇ, ಯಜಮಾನ್ತೀ? ನಿಯಮ ಹಂಗಿದೆ, ನಾನೇನು ಮಾಡ್ಲಿ! ನನ್ನ ಕಾರನ್ನೂ ಎರಡು ಸಲ ಹೊತ್ಕೊಂಡು ಹೋಗಿದ್ದಾರೆ. ಇದು ನನ್ನ ಹೆಂಡ್ತಿಗೆ. ನಿಮ್ಮ ಯಜಮಾನ್ರಿಗೆ ಹೇಳಿ, ಇನ್ನೊಂದು ಕಟ್ಟೋಕೆ."

ನಾವೆಲ್ಲ ಅಲ್ಲಿದ್ದೆವು. ಇಪ್ಪತ್ತು ಮೂವತ್ತು ಜನ, ಎಲ್ಲರ ನಾಲಿಗೆ ತುದಿಯಲ್ಲೂ ವೇಯೊ ಸತ್ತನೆಂಬ ಅದೇ ಒಂದು ಮಾತು. ಇರ್ಯಾ ಒಬ್ಬೊಬ್ಬರ ಮುಖವನ್ನೂ ನೋಡಿದಳು, ಯಾರೂ ಆಡಲಿಲ್ಲ.

"ಗೇರ್‌ಬಾಕ್ಸಿನ ಸುತ್ತ ಇರೋ ಬೋಲ್ಟ್ ಇದ್ಯಲ್ಲ," ಎಂದಳು ಅವಳು ಹೇಮೊಗೆ. "ಒಂದು ಓಟ ಆದ್ಮೇಲೆ ಮತ್ತೆ ಬಿಗಿ ನೋಡಿ. ಹೊಸಾದು, ಕೂರೋಕೆ ಸಮಯ ಬೇಕು. ಮೇಲಿನವು ಉದ್ದ, ಕೆಳಗಿನವು ಗಿಡ್ಡ. ಅದಲುಬದಲು ಮಾಡ್ಬೇಡಿ. ಒಳಗಡೆ ಫ್ಲೈವೀಲಿಂದು ಬಿಚ್ಚಿದ್ರೆ, ಹಳೇದನ್ನೇ ಮತ್ತೆ ಹಾಕ್ಬೇಡಿ. ಹೊಸಾದು ತನ್ನಿ. ನಿಮ್ಮ ಹೆಂಡ್ತಿ ಕಾಲು ಅಲ್ಲೇ ಇರುತ್ತೆ."

"ಅಬ್ಬಾ! ಯಜಮಾನ್ರು ಚೆನ್ನಾಗಿ ಕಲಿಸಿದ್ದಾರೆ ನಿಮಗೆ."

"ಇಲ್ಲ, ಸಂಜೆ ತರಗತಿ," ಎಂದಳು ಇರ್ಯಾ.

ಅವನು ಹಣದ ಲಕೋಟೆ ಕೊಟ್ಟ, ಅವಳು ಕೀಲಿಕೈ ಕೊಟ್ಟಳು. ಟ್ರೇಲರಿನ ಹಲಗೆಯ ಮೇಲೆ ಕಾರು ಹತ್ತುವಾಗ ಇರ್ಯಾ ಗಾಜಿಲ್ಲದ ಕಿಟಕಿಯೊಳಗೆ ಕೈ ಹಾಕಿ ಪಂಜರದ ಸರಳು ಹಿಡಿದು ನಾಲ್ಕು ಹೆಜ್ಜೆ ಜೊತೆಗೇ ನಡೆದಳು. ಸಹಾಯ ಮಾಡುತ್ತಿದ್ದಾಳೆ ಎಂದುಕೊಂಡು ಹೇಮೊ, "ಸಾಕು ಸಾಕು, ಹತ್ತುತ್ತೆ!" ಎಂದು ಒಳಗಿಂದ ಕೂಗಿದ. ಅವಳು ಕೈ ತೆಗೆದಳು.

ಮುಂದಿನ ಚಳಿಗಾಲ ಇರ್ಯಾ ತರಗತಿಗೆ ಬರಲಿಲ್ಲ. ಅಂಚೆ ಕಚೇರಿಯಲ್ಲಿ ಸಿಗುತ್ತಾಳೆ, ನನ್ನ ಪತ್ರ ಕೊಡುತ್ತಾಳೆ, ಹವಾಮಾನ ಹೇಗಿದೆ ಎಂದು ಕೇಳುತ್ತಾಳೆ. ಕ್ಲಬ್ಬಿನ ಗಂಡಸರು ಅವಳ ಮನೆಯ ಮುಂದೆ ಹಾದುಹೋಗುವಾಗ ಈಗಲೂ ವೇಗ ತಗ್ಗಿಸುತ್ತಾರಂತೆ, ನಿಲ್ಲಿಸುವುದಿಲ್ಲ. ಓಯ್ವಾ ಬೋಲ್ಟಿನ ಪಾಠ ಹೇಳಿಕೊಡುವಾಗ ಮೊದಲಿನ ಜೋಕುಗಳನ್ನು ಹೇಳುವುದಿಲ್ಲ. ಹಳೆಯ ಬೋಲ್ಟನ್ನೇ ಹಾಕಿದ್ದರೆ ಎಂದು ನಾನೊಮ್ಮೆ ಶುರುಮಾಡಿದೆ. "ಸುಮ್ಮನಿರು ಮಾರ್ಕೆತ್ತಾ," ಎಂದ.

ಆ ಕಾರು ಕಾಯಾನಿ ಕಡೆಯ ಒಂದು ಓಟದಲ್ಲಿ ಪಲ್ಟಿ ಹೊಡೆದು ಗುಜರಿಗೆ ಹೋಯಿತೆಂದು ಯಾರೋ ಹೇಳಿದರು. ಇನ್ಯಾರೋ ಅದು ಕೈ ಬದಲಾಗುತ್ತ, ಬಣ್ಣ ಬದಲಾಗುತ್ತ ಇನ್ನೂ ಓಡುತ್ತಿದೆ ಎಂದರು. ಯಾವುದು ನಿಜವೋ ನಾನು ವಿಚಾರಿಸಲಿಲ್ಲ. ಹೇಮೊಗೆ ಆ ಮಾತು ಹೇಳಿದ್ದರೆ ಅವನು ಕಾರು ಬಿಟ್ಟುಹೋಗುತ್ತಿದ್ದನೋ ಇಲ್ಲವೋ, ಅದೂ ಗೊತ್ತಿಲ್ಲ. ಅಂದು ಇರ್ಯಾ ಬೇಡ ಎಂದಳಲ್ಲ, ಆಮೇಲೆ ಒಬ್ಬೊಬ್ಬರ ಮುಖವನ್ನೂ ನೋಡಿದಳಲ್ಲ, ಯಾರಾದರೂ ತನ್ನ ಮಾತು ಮೀರಲಿ ಎಂದು ನೋಡಿದಳೋ, ಯಾರೂ ಮೀರದಿರಲಿ ಎಂದು ನೋಡಿದಳೋ, ನನಗೆ ಗೊತ್ತಿಲ್ಲ.